ವಾರ್ಡಿನ ಮಾತು ಕಚೇರಿಗೆ ತಲಪುವುದೆಂತು?

ನಿಲಂಗಾ, ಉದಗೀರ, ಉಮರ್ಗಾ – ಈ ಹೆಸರುಗಳು ಕಾಸರಗೋಡಿನ ಹಿರಿಯ ಕನ್ನಡಿಗರಿಗೆ ಅಪರಿಚಿತವಾಗಿರಲಾರವು. 1956ರ ನವೆಂಬರ್ 1ರಂದು, ನಾವು ಕೇರಳಕ್ಕೆ ಸೇರಿದ ದಿನವೇ, ಬೀದರ್ ಜಿಲ್ಲೆಯ ನಿಲಂಗಾ ಮತ್ತು ಉದಗೀರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಉಸ್ಮಾನಾಬಾದಿನ ಉಮರ್ಗಾವೂ ಅಲ್ಲಿಗೇ ಸೇರಿತು. ಈಗ ಮೊದಲಿನವೆರಡು ಲಾತೂರ ಜಿಲ್ಲೆಯಲ್ಲಿವೆ; ಉಮರ್ಗಾದ ಜಿಲ್ಲೆಗೆ ಧಾರಾಶಿವ ಎಂಬ ಹೆಸರಾಗಿದೆ. ಗಡಿಯಂಚಿನ ಹಳ್ಳಿಗಳ ಅನೇಕ ಮನೆಗಳಲ್ಲಿ ಇಂದಿಗೂ ಕನ್ನಡವೇ ಮನೆಮಾತು.

ಇಂಥ ಮನೆಯವರು ಸರಕಾರೀ ಆಸ್ಪತ್ರೆಗೆ ಹೋದಾಗ ಏನಾಗುತ್ತದೆಂಬುದು ಕೇವಲ ಭಾಷೆಯ ಪ್ರಶ್ನೆಯಲ್ಲ, ಆಡಳಿತದ ಪ್ರಶ್ನೆ. ಮೇಲಿನ ಆಜ್ಞೆಗಳು ಮರಾಠಿಯಲ್ಲಿ ಇಳಿದು ಬರುತ್ತವೆ. ಅದು ಆ ರಾಜ್ಯದ ಆಡಳಿತ ಭಾಷೆ, ಅದರಲ್ಲಿ ತಪ್ಪಿಲ್ಲ. ಆದರೆ ಕೆಳಗಿನಿಂದ ಮೇಲಕ್ಕೆ ಹೋಗುವ ಮಾತಿಗೆ ದಾರಿಯೆಲ್ಲಿ? ವೈದ್ಯರೂ ಅಧೀಕ್ಷಕರೂ ವರ್ಗವಾಗಿ ದೂರದಿಂದ ಬಂದವರು. ರೋಗಿಯ ಮಾತನ್ನು ಬಲ್ಲವರಿದ್ದರೆ ಅವರು ಆಯಾ, ವಾರ್ಡ್ ಬಾಯ್, ಕಸಗುಡಿಸುವವರು – ಅಂದರೆ ಯಾರ ಅಭಿಪ್ರಾಯವನ್ನು ಯಾರೂ ಕೇಳದಂಥವರು.

ಒಂದು ಪದವನ್ನೇ ನೋಡಿ. ಬೀದರ್ ಕಡೆಯ ಮುದುಕಿಯೊಬ್ಬಳು 'ಸಂಕಟ ಆಗ್ತದ' ಎಂದರೆ ದೇಹದೊಳಗಿನ ತಳಮಳ. ಹೊಟ್ಟೆ ತೊಳಸುವುದೂ ಆಗಬಹುದು, ಎದೆ ಹಿಂಡುವುದೂ ಆಗಬಹುದು. ಮರಾಠಿಯಲ್ಲಿ ಸಂಕಟವೆಂದರೆ ವಿಪತ್ತು. ನಮ್ಮ ನೆರೆಯ ಮಲಯಾಳದಲ್ಲಿ ಅದು ಬರಿಯ ದುಃಖ. ಅವಳಿಗೇನೋ ಮನೆಯ ಚಿಂತೆ ಎಂದು ವೈದ್ಯರು ಮುಂದಿನ ಹಾಸಿಗೆಗೆ ಸಾಗಿದರೆ, ಹೃದಯಾಘಾತದ ಮೊದಲ ಗಂಟೆ ಕೈತಪ್ಪಿತೆಂದೇ ಅರ್ಥ. ಪಕ್ಕದಲ್ಲಿ ನಿಂತ ಆಯಾಗೆ ಅರ್ಥ ಗೊತ್ತು. ಅವಳು ಬಾಯಿ ಬಿಡುತ್ತಾಳೆಯೇ ಎಂಬುದೇ ಪ್ರಶ್ನೆ.

ಬಿಡದಿರಲು ಕಾರಣಗಳುಂಟು. ಗುತ್ತಿಗೆಯ ಕೆಲಸ, ಇಂದಿದ್ದುದು ನಾಳೆಯಿಲ್ಲ. ಸಭೆ ಸೇರುವುದೇ ಮೇಲಧಿಕಾರಿಗಳ ಭೇಟಿ ಇದ್ದಾಗ, ಅಲ್ಲೂ ಮಾತಾಡುವವರು ಮಾತಾಡುತ್ತಾರೆ, ಉಳಿದವರು ಗೋಡೆಗೆ ಒರಗಿ ನಿಲ್ಲುತ್ತಾರೆ. (ಇದು ಮರಾಠವಾಡದ ವಿಶೇಷವೆಂದು ನಾವು ಹೇಳಲಾರೆವು!)

ಈ ಮೌನಕ್ಕೆ ಎಷ್ಟು ಬೆಲೆ ತೆರಬೇಕಾಗುತ್ತದೆಂಬುದಕ್ಕೆ ಲೆಕ್ಕವಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆ ಒಂದು ಪುಟದ ತಪಾಸಣಾ ಪಟ್ಟಿ ಹೊರಡಿಸಿತು. ಕತ್ತರಿ ಮುಟ್ಟುವ ಮೊದಲು ಕೊಠಡಿಯಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕೆಂಬುದು ಅದರಲ್ಲೊಂದು ನಿಯಮ. ಹೊಸದಿಲ್ಲಿಯೂ ಸೇರಿ ಎಂಟು ನಗರಗಳಲ್ಲಿ ಪರೀಕ್ಷಿಸಿದಾಗ ಸಾವಿನ ಪ್ರಮಾಣ ಶೇಕಡಾ 1.5ರಿಂದ 0.8ಕ್ಕೆ ಇಳಿಯಿತು. ಹೊಸ ಔಷಧವಿಲ್ಲ, ಯಂತ್ರವಿಲ್ಲ. ಒಮ್ಮೆ ತನ್ನ ಹೆಸರು ಹೇಳಿದ ದಾದಿ ಮುಂದೆ ತಪ್ಪು ಕಂಡಾಗಲೂ ಬಾಯಿ ತೆರೆಯುತ್ತಾಳೆ. ನಿಯಮದ ಹಿಂದಿನ ತರ್ಕ ಇಷ್ಟೇ.

ಸಾಮಾನ್ಯ ವಾರ್ಡಿಗೆ ಅಷ್ಟೂ ಬೇಡ. ಪಾಳಿ ಬದಲಾಗುವಾಗ ಹತ್ತು ನಿಮಿಷ ಎಲ್ಲರೂ ನಿಂತು ಮಾತಾಡಲಿ. ಮೊದಲು ಆಯಾ, ಕೊನೆಗೆ ವೈದ್ಯರು. ಕ್ರಮ ತಲೆಕೆಳಗಾದರೆ ಫಲವಿಲ್ಲ, ದೊಡ್ಡವರು ಹೇಳಿದ ಮೇಲೆ ಸಣ್ಣವರು ಹೂಂಗುಟ್ಟುವುದೇ ನಮ್ಮ ದೇಶದ ರೂಢಿ. ದೂರು ಕೊಟ್ಟ ನೌಕರನಿಗೆ ಅಧೀಕ್ಷಕರು ವಾರದೊಳಗೆ ಉತ್ತರ ಕೊಡಲಿ, ಉತ್ತರ 'ಆಗದು' ಎಂದಾದರೂ ಸರಿ. ಉತ್ತರ ಬಾರದ ಕಡೆ ಎರಡನೆಯ ದೂರು ಹುಟ್ಟುವುದಿಲ್ಲ.

ಭಾಷೆಯ ಮಾತಿಗೆ ಬಂದರೆ, ಅಲ್ಪಸಂಖ್ಯಾತರು ಶೇಕಡಾ 15ರಿಂದ 20ರಷ್ಟಿರುವ ಕಡೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲೂ ಬರಲೆಂಬ ಸೂಚನೆ ಕೇಂದ್ರ ಸರಕಾರದ 1956ರ ಜ್ಞಾಪಕಪತ್ರದಲ್ಲೇ ಇದೆ. 2023ರಲ್ಲಿ ಮಹಾರಾಷ್ಟ್ರ ಕರ್ನಾಟಕದ 865 ಗಡಿ ಹಳ್ಳಿಗಳಿಗೆ ತನ್ನ ಆರೋಗ್ಯ ವಿಮೆ ವಿಸ್ತರಿಸಹೊರಟು ವಿವಾದವೆಬ್ಬಿಸಿತು. ಗಡಿಯಾಚೆಗಿನ ಮರಾಠಿಗರ ಮೇಲೆ ಅಷ್ಟು ಕಾಳಜಿಯಿರುವ ಸರಕಾರಕ್ಕೆ ಈಚೆಗಿನ ಕನ್ನಡ ರೋಗಿಯ ಹಾಸಿಗೆ ಕಾಣದಿರಲು ಕಾರಣವಿಲ್ಲ.

ಅಲ್ಲಿ ರುಗ್ಣ ಕಲ್ಯಾಣ ಸಮಿತಿಗಳಿವೆ, ನಮ್ಮಲ್ಲಿ ಆಸ್ಪತ್ರೆ ನಿರ್ವಹಣಾ ಸಮಿತಿಗಳು. ಎರಡರಲ್ಲೂ ಜನಪ್ರತಿನಿಧಿಗಳು ಕುಳಿತಿದ್ದಾರೆ. ಮುಂದಿನ ಸಭೆಗೆ ವಾರ್ಡಿನ ಒಬ್ಬ ಆಯಾಳನ್ನು ಕರೆಸಿ ಕುರ್ಚಿ ಕೊಡಿರೆಂದು ನಾವು ಅವರನ್ನು ಕೇಳುತ್ತೇವೆ. ಕಾಸರಗೋಡಿನಲ್ಲಾದರೆ ಕನ್ನಡ ಬಲ್ಲವಳನ್ನು.