ರಿಪೋರ್ಟ್ ಸರಿಯಿದೆ, ನೋವು ಸುಳ್ಳಲ್ಲ

ಅಮಾವಾಸ್ಯೆಯಂದು ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಕೆಲವರ ಕೈಯಲ್ಲಿ ಕಾಯಿ-ಕರ್ಪೂರದ ಜೊತೆಗೆ ಒಂದು ಪ್ಲಾಸ್ಟಿಕ್ ಚೀಲವೂ ಇರುತ್ತದೆ. ಅದರೊಳಗೆ ಎಕ್ಸರೇ, ಇಸಿಜಿ, ಸ್ಕ್ಯಾನಿಂಗ್, ರಕ್ತಪರೀಕ್ಷೆಗಳ ಕಾಗದಗಳು. ಕಿಣ್ಣಿ ಸುಲ್ತಾನದಂಥ ಊರಿನಿಂದ ಹೊರಟ ಆ ಚೀಲ ಆಳಂದವನ್ನು ಕಂಡಿರುತ್ತದೆ, ಕಲಬುರಗಿಯನ್ನು ಕಂಡಿರುತ್ತದೆ, ಎಷ್ಟೋ ಸಲ ಗಡಿ ದಾಟಿ ಸೋಲಾಪುರವನ್ನೂ ಕಂಡು ಬಂದಿರುತ್ತದೆ. “ಎದಿ ಹಿಡದಂಗ ಆಗ್ತದ್ರಿ, ಕೈಕಾಲು ಸೆಳೀತಾವ, ರಾತ್ರಿ ನಿದ್ದಿ ಇಲ್ಲ. ಡಾಕ್ಟರು ಏನೂ ಇಲ್ಲ ಅಂತಾರ್ರಿ” ಎಂಬ ಮಾತನ್ನು ನಮ್ಮ ಭಾಗದಲ್ಲಿ ಕೇಳದವರು ವಿರಳ.

‘ಏನೂ ಇಲ್ಲ’ ಎಂಬ ಮಾತು ಸಮಾಧಾನ ಕೊಡಬೇಕಿತ್ತು. ಆದರೆ ಅದು ಹಲವರಿಗೆ ಹೊಸದೊಂದು ನೋವನ್ನು ಕೊಡುತ್ತದೆ. ಮನೆಯವರು ಮೊದಮೊದಲು ಮರುಗುತ್ತಾರೆ. ಬಳಿಕ ಬೇಸರಪಡುತ್ತಾರೆ. ಕೊನೆಗೆ “ಕೆಲಸ ತಪ್ಪಿಸಲು ಹೂಡಿದ ನಾಟಕ” ಎಂದುಬಿಡುತ್ತಾರೆ. ರೋಗಿಯ ಪಾಲಿಗೆ ಆಗ ಎರಡು ನೋವುಗಳು: ಮೈಯಲ್ಲಿರುವ ನೋವು ಒಂದು, ಅದನ್ನು ಯಾರೂ ನಂಬುವುದಿಲ್ಲವೆಂಬ ನೋವು ಇನ್ನೊಂದು. ಎರಡನೆಯದನ್ನು ಕೊಟ್ಟವರು ನಾವು. ಮನಸ್ಸಿನ ಭಾರದಿಂದ ಹುಟ್ಟಿದ ದೇಹದ ನೋವು ನಿಜವಾದ ನೋವೇ ಎಂಬುದನ್ನು ನಾವು ಮೊದಲು ಒಪ್ಪಿಕೊಳ್ಳಬೇಕು. ಒಪ್ಪಿಕೊಳ್ಳದ ಹೊರತು ಅದಕ್ಕೆ ಚಿಕಿತ್ಸೆ ಆರಂಭವಾಗುವುದೇ ಇಲ್ಲ.

ಈ ಸತ್ಯ ನಮ್ಮ ಭಾಷೆಗೆ ಹೊಸದಲ್ಲ. ಪರರ ಏಳಿಗೆ ಕಂಡರೆ ನಮಗೆ ‘ಹೊಟ್ಟೆ ಉರಿಯುತ್ತದೆ’. ಮಕ್ಕಳ ಕಷ್ಟ ಕಂಡರೆ ‘ಕರುಳು ಚುರ್ ಎನ್ನುತ್ತದೆ’. ಕೆಟ್ಟ ಸುದ್ದಿಗೆ ‘ಎದೆ ಒಡೆಯುತ್ತದೆ’, ಸಾಲದ ನೆನಪಿಗೆ ‘ತಲೆ ಬಿಸಿಯಾಗುತ್ತದೆ’. ಚಿಂತೆಯಿಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು ಗಾದೆ ಕಟ್ಟಿದವರು ನಿದ್ರೆಗೂ ಚಿಂತೆಗೂ ಇರುವ ವೈರವನ್ನು ಚೆನ್ನಾಗಿ ಅರಿತಿದ್ದರು. ಶರಣರಂತೂ ಕಾಯವನ್ನು ಹೀಗಳೆಯಲಿಲ್ಲ. ಮನವನ್ನೂ ಕಾಯವನ್ನೂ ಬೇರೆ ಬೇರೆ ಕೋಣೆಗಳಲ್ಲಿ ಕೂಡಿಹಾಕಲಿಲ್ಲ. ಇಷ್ಟಲಿಂಗವನ್ನು ಅಂಗದ ಮೇಲೆಯೇ ಧರಿಸುವ ಪದ್ಧತಿ, ದೇಹವನ್ನು ಬಿಟ್ಟು ಸಾಧನೆಯಿಲ್ಲ ಎಂಬುದಕ್ಕೆ ದಿನನಿತ್ಯದ ನೆನಪೋಲೆಯಾಗಿದೆ.

ಚಿಂತೆಯು ದೇಹವನ್ನು ಪ್ರವೇಶಿಸುವ ದಾರಿ ಯಾವುದು? ಹೊಲದ ಬದುವಿನಲ್ಲಿ ಹಾವು ಕಂಡಿತೆನ್ನಿ. ಮಿದುಳು ಅಪಾಯದ ಕರೆ ಕೊಟ್ಟೊಡನೆ ಮೂತ್ರಪಿಂಡಗಳ ಮೇಲ್ಭಾಗದಲ್ಲಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಉಸಿರು ಚುರುಕಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ರಕ್ತಕ್ಕೆ ಹೆಚ್ಚು ಸಕ್ಕರೆ ಹರಿಯುತ್ತದೆ. ಓಡುವುದಕ್ಕೋ ಬಡಿಗೆ ಎತ್ತುವುದಕ್ಕೋ ಬೇಕಾದ ಬಲ ಹೀಗೆ ಒದಗುತ್ತದೆ. ಬೆನ್ನಿಗೇ ಬರುವ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಈ ಸಿದ್ಧತೆಯನ್ನು ಕೆಲಕಾಲ ಉಳಿಸುತ್ತದೆ. ಹಾವು ಸರಿದುಹೋದ ಮೇಲೆ ದೇಹ ತಣ್ಣಗಾಗುತ್ತದೆ. ಇದು ರೋಗವಲ್ಲ, ಜೀವವನ್ನು ಉಳಿಸಲೆಂದೇ ಇರುವ ಏರ್ಪಾಡು.

ಆದರೆ ಸಾಲವೆಂಬುದು ಹಾವಿನಂತೆ ಸರಿದುಹೋಗುವುದಿಲ್ಲ. ಮಗಳ ಮದುವೆಯ ಚಿಂತೆ, ಕುಡಿತಕ್ಕೆ ಬಿದ್ದ ಗಂಡನ ಭಯ, ಪುಣೆ-ಮುಂಬಯಿಗೆ ದುಡಿಯಲು ಹೋದ ಮಗನಿಂದ ಫೋನು ಬಾರದ ಕಳವಳ ಇವೂ ಹಾಗೆಯೇ. ಅವು ಉಣ್ಣುವಾಗಲೂ ಎದುರಿಗಿರುತ್ತವೆ, ಮಲಗುವಾಗಲೂ ತಲೆದಿಂಬಿನ ಪಕ್ಕದಲ್ಲಿರುತ್ತವೆ. ಗಳಿಗೆಯ ಕಾಲಕ್ಕೆಂದು ಏರ್ಪಟ್ಟ ಸಿದ್ಧತೆಯನ್ನು ದೇಹ ವರ್ಷಗಟ್ಟಲೆ ಹೊತ್ತು ನಿಲ್ಲಬೇಕಾಗುತ್ತದೆ. ಬಿಗಿದ ಸ್ನಾಯು ಸಡಿಲಗೊಳ್ಳದೆ ಕುತ್ತಿಗೆ, ಬೆನ್ನು ನೋಯುತ್ತವೆ. ಜೀರ್ಣಕ್ರಿಯೆ ಏರುಪೇರಾಗುತ್ತದೆ, ನಿದ್ರೆ ಹರಿಯುತ್ತದೆ. ರಕ್ತದೊತ್ತಡ ಇಳಿಯದು, ಸಕ್ಕರೆ ಹದಕ್ಕೆ ಬಾರದು. ಹ್ಯಾನ್ಸ್ ಸೆಲ್ಯೆ ಎಂಬ ವಿಜ್ಞಾನಿ 1936ರಲ್ಲಿಯೇ, ಒತ್ತಡದ ಕಾರಣ ಯಾವುದೇ ಆಗಿರಲಿ, ದೇಹವು ಒಂದು ಸಾಮಾನ್ಯ ಕ್ರಮದಲ್ಲಿ ಪ್ರತಿಕ್ರಿಯಿಸುತ್ತದೆಂದು ತೋರಿಸಿದರು. ಈ ವಿಷಯದ ಅಧ್ಯಯನಕ್ಕೆ ಅದು ನಾಂದಿಯಾಯಿತು.

ಇದನ್ನು ಅಳೆದು ನೋಡಿದವರೂ ಇದ್ದಾರೆ. 1995ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಸಂಶೋಧಕರು ಒಂದು ಸರಳ ಪ್ರಯೋಗದ ಫಲವನ್ನು ಪ್ರಕಟಿಸಿದರು. ಮರೆವಿನ ರೋಗಕ್ಕೆ ತುತ್ತಾದ ಮನೆಯ ಹಿರಿಯರನ್ನು ನೋಡಿಕೊಳ್ಳುತ್ತಿದ್ದ 13 ಮಂದಿ ಮಹಿಳೆಯರು, ಅಂಥ ಹೊಣೆಯಿಲ್ಲದ ಸಮಾನ ವಯಸ್ಸಿನ 13 ಮಂದಿ ಮಹಿಳೆಯರು; ಎಲ್ಲರ ತೋಳಿನ ಚರ್ಮದಲ್ಲೂ ಒಂದೇ ಅಳತೆಯ ಚಿಕ್ಕ ಗಾಯ. ಆರೈಕೆಯ ಭಾರ ಹೊತ್ತವರ ಗಾಯ ಮಾಯಲು ಇತರರಿಗಿಂತ ಸರಾಸರಿ 9 ದಿನ ಹೆಚ್ಚು ಬೇಕಾಯಿತು. ನಾಟಕವಾಡುತ್ತಾಳೆಂದು ಸೊಸೆಯನ್ನು ಮೂದಲಿಸುವವರು ಇದನ್ನು ಯೋಚಿಸಬೇಕು. ತುಸು ಹೊತ್ತು ನಾಟಕವಾಡಿ ನರಳಬಹುದು, ಆದರೆ ಗಾಯ ತಡವಾಗಿ ಮಾಯುವಂತೆ ನಾಟಕವಾಡಲು ಯಾರಿಗೂ ಸಾಧ್ಯವಿಲ್ಲ.

2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಎಂಬ ಅಧ್ಯಯನವು ಭಾರತವೂ ಸೇರಿದಂತೆ 52 ದೇಶಗಳಲ್ಲಿ ಹೃದಯಾಘಾತದ ಕಾರಣಗಳನ್ನು ಪರಿಶೀಲಿಸಿತು. ಧೂಮಪಾನ, ರಕ್ತದೊತ್ತಡ, ಮಧುಮೇಹ, ಕೊಬ್ಬಿನಂಶಗಳ ಸಾಲಿನಲ್ಲಿಯೇ ಮಾನಸಿಕ ಒತ್ತಡ ಹಾಗೂ ಖಿನ್ನತೆಗಳೂ ನಿಂತವು. ಮಧುಮೇಹಿಗಳಲ್ಲಿ ಖಿನ್ನತೆಯು ಇತರರಿಗಿಂತ ಸುಮಾರು ಎರಡು ಪಟ್ಟು ಹೆಚ್ಚು ಎಂಬುದೂ ವೈದ್ಯರಿಗೆ ತಿಳಿದ ಸಂಗತಿ. ಖಿನ್ನತೆಯಲ್ಲಿರುವವರಿಗೆ ಹೊತ್ತಿಗೆ ಸರಿಯಾಗಿ ಗುಳಿಗೆ ನುಂಗುವ, ನಡೆಯುವ, ಪಥ್ಯ ಮಾಡುವ ಉತ್ಸಾಹವೇ ಉಳಿದಿರುವುದಿಲ್ಲ. ಸಕ್ಕರೆ ಏರಿದಂತೆ ಮನಸ್ಸು ಇನ್ನಷ್ಟು ಕುಗ್ಗುತ್ತದೆ. ಗಾಣದ ಎತ್ತಿನಂತೆ ರೋಗಿ ಅದೇ ಸುತ್ತಿನಲ್ಲಿ ಸುತ್ತುತ್ತಾನೆ. ಅಂಥವರಿಗೆ ಗುಳಿಗೆಯ ಪ್ರಮಾಣವನ್ನಷ್ಟೇ ಹೆಚ್ಚಿಸುತ್ತ ಹೋದರೆ ಪ್ರಯೋಜನ ಕಡಿಮೆ.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತೊಂದನ್ನು ಹೇಳಲೇಬೇಕು. ಎಲ್ಲ ಕಾಯಿಲೆಯೂ ಮನಸ್ಸಿನಿಂದಲೇ ಎಂಬುದು ಅಷ್ಟೇ ದೊಡ್ಡ ತಪ್ಪು. ಹೊಟ್ಟೆಯ ಹುಣ್ಣನ್ನು ಬಹುಕಾಲ ಚಿಂತೆಯ ಫಲವೆಂದೂ ಖಾರದ ಫಲವೆಂದೂ ಹೇಳುತ್ತ ಬಂದಿದ್ದರು. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಎಂಬ ವೈದ್ಯರು ಬಹುಪಾಲು ಹುಣ್ಣುಗಳ ಹಿಂದೆ ಒಂದು ಬ್ಯಾಕ್ಟೀರಿಯಾ ಇದೆಯೆಂದು ತೋರಿಸಿದರು. 2005ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು. ‘ಚಿಂತೆ ಬಿಡು, ಹುಣ್ಣು ವಾಸಿಯಾಗುತ್ತದೆ’ ಎಂಬ ಉಪದೇಶ ಕೇಳುತ್ತ ವರ್ಷಗಟ್ಟಲೆ ನರಳಿದವರಿಗೆ ಬೇಕಾಗಿದ್ದುದು ಕೆಲ ದಿನಗಳ ಔಷಧಿ. ಆದುದರಿಂದ ಎದೆನೋವು, ತೂಕ ಇಳಿಯುವುದು, ಬಿಡದ ಜ್ವರ, ರಕ್ತಸ್ರಾವ ಇವುಗಳಿಗೆ ಮೊದಲು ದೇಹದ ಪರೀಕ್ಷೆ ಆಗಲೇಬೇಕು. ಪೂಜೆ, ಧ್ಯಾನಗಳನ್ನು ನಂಬಿ ರಕ್ತದೊತ್ತಡದ ಗುಳಿಗೆ ಬಿಡುವುದು, ಇನ್ಸುಲಿನ್ ನಿಲ್ಲಿಸುವುದು ಭಕ್ತಿಯಲ್ಲ, ಅವಿವೇಕ. ಮನಸ್ಸಿನ ಆರೈಕೆಯು ಔಷಧಿಯ ಜೊತೆಗೆ ನಡೆಯಬೇಕೇ ಹೊರತು ಔಷಧಿಯ ಬದಲಿಗೆ ಅಲ್ಲ.

ಇನ್ನೊಂದು ತಪ್ಪು ನಮ್ಮ ನಡುವೆಯೇ ಇದೆ. ಮನಸ್ಸು ಕುಗ್ಗಿದವರಿಗೆ “ಭಕ್ತಿ ಸಾಲದು” ಎನ್ನುವವರಿದ್ದಾರೆ. “ಹಿಂದಿನ ಜನ್ಮದ ಪಾಪ” ಎನ್ನುವವರಿದ್ದಾರೆ. ಮಾಟ, ಗಾಳಿ ಎಂದು ಹೆದರಿಸಿ ತಾಯಿತ ಕಟ್ಟಿಸುವವರಿದ್ದಾರೆ. ಶಕುನ, ಪಂಚಾಂಗ, ಕ್ಷುದ್ರದೈವಗಳ ಭಯದಿಂದ ಜನರನ್ನು ಬಿಡಿಸಲು 12ನೆಯ ಶತಮಾನದಲ್ಲಿ ಶ್ರಮಿಸಿದ ಶರಣರ ಹೆಸರು ಹೇಳುವವರ ಬಾಯಲ್ಲಿ ಈ ಮಾತುಗಳು ಬರಬಾರದು. ಖಿನ್ನತೆಯು ಮಧುಮೇಹದಂತೆಯೇ ಒಂದು ರೋಗ. ದೃಢಭಕ್ತರಿಗೂ ಅದು ಬರುತ್ತದೆ, ಮಠದ ಅಂಗಳದಲ್ಲಿ ಇರುವವರಿಗೂ ಬರುತ್ತದೆ.

ನಮ್ಮ ಭಾಗದ ಒಕ್ಕಲಿಗನಿಗೆ ಇದನ್ನು ತಿಳಿಸಲು ದೂರದ ಉದಾಹರಣೆ ಬೇಕಿಲ್ಲ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ನೆಟೆ ರೋಗಕ್ಕೆ ತುತ್ತಾದುದನ್ನು ಯಾರೂ ಮರೆತಿಲ್ಲ. ಹೂವು-ಕಾಯಿಯ ಹೊತ್ತಿಗೆ ಹಸಿರು ಗಿಡ ನಿಂತಲ್ಲೇ ಬಾಡುತ್ತದೆ. ಬಾಡುವುದು ಎಲೆ, ಆದರೆ ರೋಗ ಹೊಕ್ಕದ್ದು ಮಣ್ಣಿನಿಂದ ಬೇರಿಗೆ. ಶಿಲೀಂಧ್ರವು ನೀರು ಏರುವ ನಾಳಗಳನ್ನೇ ಕಟ್ಟಿಹಾಕಿರುತ್ತದೆ. ಎಲೆಯನ್ನಷ್ಟೇ ನೋಡಿ ರೈತ ಗಿಡದ ಮೇಲೆ ಸಿಟ್ಟಾಗುವುದಿಲ್ಲ; ಕಿತ್ತು, ಬೇರು ಸೀಳಿ ನೋಡುತ್ತಾನೆ. ಮನೆಯ ಮನುಷ್ಯ ಬಾಡಿದಾಗ ಮಾತ್ರ ನಾವು ಎಲೆಯನ್ನೇ ಬೈಯುತ್ತೇವೆ.

ಬೇರಿನವರೆಗೆ ಹೋದರೆ ಅಲ್ಲಿ ಕಾಣುವುದು ಬರೀ ‘ಮನೋದೌರ್ಬಲ್ಯ’ವಲ್ಲ. ಕೈಕೊಟ್ಟ ಮಳೆ, ಒಣಗಿದ ತೊಗರಿ, ಬಡ್ಡಿಯ ಸಾಲ, ಗುಳೆ ಹೋಗುವ ಬದುಕು, ಮನೆಯೊಳಗಿನ ಹೊಡೆತ ಇವೆಲ್ಲ ಅಲ್ಲಿರುತ್ತವೆ. ‘ಚಿಂತೆ ಮಾಡಬೇಡ’ ಎಂಬ ಉಪದೇಶ ಇವುಗಳೆದುರು ಬಹಳ ಬಡಕಲು. ಮದುವೆಯ ಆಡಂಬರಕ್ಕೆ ಸಾಲ ಮಾಡಿಸುವ ಸಮಾಜವೇ ಆ ಸಾಲಗಾರನ ರಕ್ತದೊತ್ತಡಕ್ಕೂ ಅಷ್ಟಿಷ್ಟು ಹೊಣೆ. ಮಠಗಳಲ್ಲಿ ನಡೆಯುವ ಸರಳ ಸಾಮೂಹಿಕ ವಿವಾಹವೂ ಈ ದೃಷ್ಟಿಯಿಂದ ಆರೋಗ್ಯದ ಕಾರ್ಯವೇ ಸರಿ.

ಇನ್ನು ಚಿಕಿತ್ಸೆ. ಮನೋವೈದ್ಯರೆಂದರೆ ಬೆಂಗಳೂರಿಗೇ ಹೋಗಬೇಕೆಂಬ ಭಾವನೆ ಇಂದಿಗೂ ಇದೆ. ಆ ಭಾವನೆಯನ್ನು ಸುಳ್ಳಾಗಿಸಿದ್ದು ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆ. 1980ರ ದಶಕದ ಉತ್ತರಾರ್ಧದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗಗಳ ಚಿಕಿತ್ಸೆಯನ್ನು ಹಳ್ಳಿಗೇ ತಂದಿತು. ಆ ಪ್ರಯೋಗದ ಮಾದರಿಯಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ದೇಶದಲ್ಲಿ ಆರಂಭವಾಯಿತು. ಬಳ್ಳಾರಿಯಲ್ಲಿ ಕಲಿತ ಪಾಠವನ್ನು ದೇಶ ಸ್ವೀಕರಿಸಿತು, ಆದರೆ ಮನೆಮನೆಗಳು ಇನ್ನೂ ಸ್ವೀಕರಿಸಬೇಕಾಗಿದೆ. 2015–16ರಲ್ಲಿ ನಿಮ್ಹಾನ್ಸ್ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಮನೋರೋಗವುಳ್ಳವರಲ್ಲಿ ಆಯಾ ರೋಗಕ್ಕನುಸಾರವಾಗಿ ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ದೊರೆತಿರಲಿಲ್ಲ. ಔಷಧಿ ಇದ್ದೂ ರೋಗಿಗೆ ತಲುಪದಂತೆ ತಡೆಯುವ ಗೋಡೆಗಳಲ್ಲಿ ದೊಡ್ಡದು ನಾಚಿಕೆ.

ಇಂದು ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಸೇವೆಯ ವ್ಯವಸ್ಥೆಯಿದೆ. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ ದಿನ, ವೇಳೆ ತಿಳಿದುಕೊಂಡು ಹೋಗಬಹುದು. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ ಮಾತನಾಡಬಹುದು. ಬದುಕು ಸಾಕೆಂಬ ಮಾತು ಯಾರ ಬಾಯಲ್ಲಿ ಬಂದರೂ ಅದನ್ನು ಲಘುವಾಗಿ ತಳ್ಳಿಹಾಕದೆ, ಅವರನ್ನು ಒಬ್ಬರನ್ನೇ ಬಿಡದೆ, ಆ ಗಳಿಗೆಯಲ್ಲಿಯೇ ಈ ಸಂಖ್ಯೆಗೆ ಕರೆ ಮಾಡಬೇಕು ಅಥವಾ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಬೇಕು. ಕಡ್ಡಿ-ಪೆಟ್ಟಿಗೆಯನ್ನು ಮಗುವಿನ ಕೈಗೆ ಸಿಗದಂತೆ ಇಡುವ ನಾವು, ಕ್ರಿಮಿನಾಶಕದ ಡಬ್ಬಿಯನ್ನೂ ಬೀಗದೊಳಗೆ ಇಡುವುದನ್ನು ಕಲಿಯಬೇಕು.

ಹಾಗಾದರೆ ಭಕ್ತನ ಸಾಧನೆಗೆ ಇಲ್ಲಿ ಸ್ಥಾನವಿಲ್ಲವೆ? ಖಂಡಿತ ಇದೆ. ದಿನವೂ ನಿಶ್ಚಿತ ಹೊತ್ತಿಗೆ ಕುಳಿತು, ಉಸಿರನ್ನು ನಿಧಾನಗೊಳಿಸಿ, ದೃಷ್ಟಿಯನ್ನು ಕರಸ್ಥಲದ ಇಷ್ಟಲಿಂಗದಲ್ಲಿ ನಿಲ್ಲಿಸುವುದು ಪೂಜೆಯೂ ಹೌದು, ದಣಿದ ನರಗಳಿಗೆ ವಿಶ್ರಾಂತಿಯೂ ಹೌದು. ನಿಧಾನವಾದ ದೀರ್ಘ ಉಸಿರು ಎದೆಬಡಿತವನ್ನು ತಗ್ಗಿಸುವ ನರಮಂಡಲವನ್ನು ಚುರುಕುಗೊಳಿಸುತ್ತದೆ ಎಂಬುದನ್ನು ಶರೀರಶಾಸ್ತ್ರವೂ ಒಪ್ಪುತ್ತದೆ. ಕಾಯಕವು ದೇಹಕ್ಕೆ ಚಲನೆಯನ್ನೂ ಮನಸ್ಸಿಗೆ ಅರ್ಥವನ್ನೂ ಕೊಡುತ್ತದೆ. ಭಜನೆ, ಪುರಾಣ ಶ್ರವಣಗಳು ಒಂಟಿತನವನ್ನು ಕಳೆಯುತ್ತವೆ. ಆದರೆ ಇವು ಮನಸ್ಸನ್ನು ಗಟ್ಟಿಗೊಳಿಸುವ ನಿತ್ಯದ ಅನ್ನವಿದ್ದಂತೆ. ರೋಗ ಬಂದಾಗ ಅನ್ನದ ಜೊತೆಗೆ ಔಷಧಿಯೂ ಬೇಕು.

ಕೊನೆಯದಾಗಿ ಒಂದು ವಿನಂತಿ. ನಮ್ಮ ಮಠಗಳಲ್ಲಿ ಅನ್ನದಾಸೋಹ ನಿಂತಿಲ್ಲ, ಅಕ್ಷರದಾಸೋಹವೂ ನಡೆದಿದೆ. ಇವುಗಳ ಜೊತೆಗೆ ‘ಕಿವಿಯ ದಾಸೋಹ’ವೂ ಬೇಕಾಗಿದೆ. ಅಮಾವಾಸ್ಯೆಯ ಪ್ರಸಾದದ ಬಳಿಕ ಒಂದು ಗಂಟೆ, ಗುಟ್ಟು ಕಾಯುವ ಇಬ್ಬರು ಹಿರಿಯರು, ಹೆಣ್ಣುಮಕ್ಕಳಿಗೆ ಪ್ರತ್ಯೇಕವಾಗಿ ಒಬ್ಬ ತಾಯಿ, ತಿಂಗಳಿಗೊಮ್ಮೆ ತಾಲ್ಲೂಕಿನ ಆರೋಗ್ಯ ಸಿಬ್ಬಂದಿ: ಇಷ್ಟನ್ನು ಭಕ್ತರೇ ಮನಸ್ಸು ಮಾಡಿದರೆ ಏರ್ಪಡಿಸಬಹುದು. ಖರ್ಚು ಇಲ್ಲವೆಂಬಷ್ಟು ಕಡಿಮೆ.

ಅದಕ್ಕೂ ಮೊದಲು ನಮ್ಮ ಮನೆಯಲ್ಲಿಯೇ ಆರಂಭಿಸಬಹುದಾದ ಕೆಲಸವೊಂದಿದೆ. ಕಾಗದಗಳ ಚೀಲ ಹಿಡಿದು ಆಸ್ಪತ್ರೆಯಿಂದ ಮರಳಿದವರಿಗೆ “ರಿಪೋರ್ಟಿನಲ್ಲಿ ಏನು ಬಂತು?” ಎಂದು ಕೇಳಿದ ಮೇಲೆ, ಪಕ್ಕದಲ್ಲಿ ಕುಳಿತು “ಮನಸ್ಸಿನಲ್ಲಿ ಏನಿದೆ?” ಎಂದೂ ಕೇಳೋಣ. ಉತ್ತರ ಬರುವವರೆಗೆ ಏಳದಿರೋಣ.