ಸ್ಕೋರ್ ಬರೆದಿಟ್ಟವರು ಉಳಿಸಿದ ಆಟಗಾರ

ಬೇಸ್‌ಬಾಲ್ ನಮ್ಮ ಊರಿನ ಆಟವಲ್ಲ. ನಿಜ ಹೇಳಬೇಕೆಂದರೆ ಅದರ ನಿಯಮಗಳು ನಮಗೂ ಪೂರ್ತಿ ತಲೆಗೆ ಹತ್ತಿಲ್ಲ. ಆದರೂ ಇವತ್ತು ಒಬ್ಬ ಕ್ಯಾಚರ್ ಬಗ್ಗೆ ಬರೆಯುತ್ತಿದ್ದೇವೆ. ಕ್ಯಾಚರ್ ಅಂದರೆ ನಮ್ಮ ವಿಕೆಟ್ ಕೀಪರ್ ಇದ್ದ ಹಾಗೆ. ಮುಖಕ್ಕೆ ಜಾಲರಿ, ಎದೆಗೆ ಪ್ಯಾಡ್ ಕಟ್ಟಿಕೊಂಡು ಬ್ಯಾಟ್ ಹಿಡಿದವನ ಬೆನ್ನ ಹಿಂದೆಯೇ ಪ್ರತಿ ಎಸೆತಕ್ಕೂ ಕುಕ್ಕರಗಾಲಲ್ಲಿ ಕೂರಬೇಕು. ಮಂಡಿ ಸವೆಯುವ ಕೆಲಸ.

ಜೋಶ್ ಗಿಬ್ಸನ್ ಹುಟ್ಟಿದ್ದು 1911ರಲ್ಲಿ, ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ. ಅಪ್ಪ ಉಕ್ಕಿನ ಕಾರ್ಖಾನೆಯ ಕೂಲಿಗಾಗಿ ಪಿಟ್ಸ್‌ಬರ್ಗ್ ಸೇರಿದ್ದರು, ಸಂಸಾರವೂ ಅಲ್ಲಿಗೇ ಹೋಯಿತು. 1930ರಲ್ಲಿ, ಹದಿನೆಂಟನೇ ವಯಸ್ಸಿಗೆ, ಗಿಬ್ಸನ್ ಹೋಮ್‌ಸ್ಟೆಡ್ ಗ್ರೇಸ್ ತಂಡಕ್ಕೆ ಬಂದರು. ಅದೇ ವರ್ಷ ಹೆಂಡತಿ ಹೆಲೆನ್ ಅವಳಿ ಮಕ್ಕಳನ್ನು ಹೆತ್ತು ತೀರಿಕೊಂಡರು.

ಆಗ ಕಪ್ಪು ಜನರಿಗೆ ಮೇಜರ್ ಲೀಗ್ ಬಾಗಿಲು ಮುಚ್ಚಿತ್ತು. ಹಾಗಂತ ಯಾವ ಕಾನೂನೂ ಇರಲಿಲ್ಲ, ತಂಡದ ಮಾಲೀಕರೆಲ್ಲ ಒಳಗೊಳಗೇ ಒಪ್ಪಿಕೊಂಡಿದ್ದರು. ಈ ಥರದ ಒಳ ಒಪ್ಪಂದ ಹೇಗಿರುತ್ತದೆ ಅಂತ ನಿಮಗೆ ನಾವು ವಿವರಿಸಬೇಕಿಲ್ಲ. ಹಾಗಾಗಿ ಅವರು ಹೆಚ್ಚಾಗಿ ಆಡಿದ್ದು ನೀಗ್ರೋ ಲೀಗ್‌ನಲ್ಲಿ. ಬಸ್ಸಿನಲ್ಲಿ ಊರೂರು ತಿರುಗಬೇಕು, ಆಟ ಮುಗಿದ ಮೇಲೆ ಊಟ ಕೊಡುವ ಹೋಟೆಲನ್ನೂ ಹುಡುಕಬೇಕು. ಜನ ಅವರನ್ನು ‘ಕಪ್ಪು ಬೇಬ್ ರೂತ್’ ಎಂದು ಕರೆದರು. ಹೊಗಳಿಕೆಯೇ ಸರಿ, ಆದರೆ ಅದರಲ್ಲೂ ಅಳತೆಗೋಲು ಬಿಳಿಯರದ್ದೇ.

1947ರ ಜನವರಿ 20ರಂದು ಗಿಬ್ಸನ್ ತೀರಿಕೊಂಡರು. ವಯಸ್ಸು 35. ಮೂರು ತಿಂಗಳೂ ಆಗಿರಲಿಲ್ಲ, ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಮೇಜರ್ ಲೀಗ್ ಮೈದಾನಕ್ಕೆ ಇಳಿದರು.

2024ರ ಮೇ ತಿಂಗಳಲ್ಲಿ ಮೇಜರ್ ಲೀಗ್‌ನವರು ನೀಗ್ರೋ ಲೀಗ್ ಅಂಕಿಅಂಶಗಳನ್ನು ತಮ್ಮ ದಾಖಲೆಗೆ ಸೇರಿಸಿಕೊಂಡರು. ಗಿಬ್ಸನ್ ಬ್ಯಾಟಿಂಗ್ ಸರಾಸರಿ .372. ಅಂದರೆ ಲೆಕ್ಕಕ್ಕೆ ಬರುವ ಸಾವಿರ ಅವಕಾಶದಲ್ಲಿ 372 ಹಿಟ್. ಟೈ ಕಾಬ್ ಅವರ .367 ಎರಡನೇ ಸ್ಥಾನಕ್ಕೆ ಇಳಿಯಿತು.

ಕೆಲವರು ತಕರಾರು ತೆಗೆದರು. ಕಾಬ್ ಆಡಿದ್ದು ಮೂರು ಸಾವಿರಕ್ಕೂ ಹೆಚ್ಚು ಪಂದ್ಯ, ಗಿಬ್ಸನ್ ಅವರದು ಲೆಕ್ಕಕ್ಕೆ ಸಿಕ್ಕಿದ್ದು ಸುಮಾರು ಆರುನೂರು, ಇದು ಯಾವ ನ್ಯಾಯ ಅಂತ. ಪ್ರಶ್ನೆ ತಪ್ಪಲ್ಲ. ಆದರೆ ಪಂದ್ಯ ಕಡಿಮೆಯಾಗಿದ್ದಕ್ಕೆ ಬಾಗಿಲು ಮುಚ್ಚಿದವರು ಕಾರಣ, ಆಟಗಾರ ಅಲ್ಲ. ಕಾಬ್ ಅವರಿಗೂ ಮೇಜರ್ ಲೀಗ್‌ನಲ್ಲಿ ಒಬ್ಬ ಕಪ್ಪು ಬೌಲರ್ ಎದುರಾಗಲಿಲ್ಲವಲ್ಲ (ಅಲ್ಲಿ ಪಿಚರ್ ಅನ್ನುತ್ತಾರೆ). ಅದನ್ನು ಯಾರೂ ಲೆಕ್ಕ ಹಾಕುವುದಿಲ್ಲ. ಹಾಗೆಂದು ಗಿಬ್ಸನ್ ಎಂಟುನೂರರ ಹತ್ತಿರ ಹೋಮ್ ರನ್ ಹೊಡೆದರು ಎಂಬ ಮಾತನ್ನು ನಾವು ದಾಖಲೆ ಅನ್ನುವುದಿಲ್ಲ. ಅಧಿಕೃತ ಲೀಗ್ ಪಂದ್ಯಗಳಲ್ಲಿ ಸಿಕ್ಕಿರುವುದು ಇನ್ನೂರಕ್ಕಿಂತ ಕಡಿಮೆ. ಮಿಕ್ಕವು ಊರೂರು ತಿರುಗಿ ಆಡಿದ ಪ್ರದರ್ಶನ ಪಂದ್ಯಗಳ ಮಾತು.

ನಮಗೆ ಮುಖ್ಯ ಅನಿಸಿದ್ದು ಇನ್ನೊಂದು. ಈ ಅಂಕಿ ಎಲ್ಲಿಂದ ಬಂತು? ಲೀಗ್ ಕಚೇರಿಯ ಕಪಾಟಿನಲ್ಲಿ ಪೂರ್ತಿ ಲೆಕ್ಕ ಇರಲಿಲ್ಲ. ಪಿಟ್ಸ್‌ಬರ್ಗ್ ಕೊರಿಯರ್, ಷಿಕಾಗೋ ಡಿಫೆಂಡರ್‌ನಂತಹ ಕಪ್ಪು ಜನರ ಪತ್ರಿಕೆಗಳು ಪಂದ್ಯದ ಸ್ಕೋರನ್ನು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕುತ್ತಿದ್ದವು. ಸಂಶೋಧಕರು ಹಳೆಯ ಪುಟಗಳನ್ನು ವರ್ಷಗಟ್ಟಲೆ ತಿರುವಿ ಒಂದೊಂದೇ ಪಂದ್ಯ ಕೂಡಿಸಿದರು. ವರದಿಗಾರ ಹೋಗದ ಪಂದ್ಯ, ಜಾಗ ಸಾಲದೆ ಬಿಟ್ಟುಹೋದ ಸ್ಕೋರ್ ಶಾಶ್ವತವಾಗಿ ಹೋಯಿತು.

ನಾವು ವರದಿಗಾರಿಕೆಗೆ ಇಳಿದ ಹೊಸತರಲ್ಲಿ ತಾಲ್ಲೂಕು ಕಬಡ್ಡಿ ಪಂದ್ಯದ ಸುದ್ದಿ ಕಳಿಸಿದ್ದೆವು. ಅಚ್ಚಾಗಿ ಬಂದಾಗ ಬಹುಮಾನ ಕೊಟ್ಟ ಗಣ್ಯರ ಹೆಸರೆಲ್ಲ ಇತ್ತು, ಆಡಿದ ಹುಡುಗರ ಒಂದು ಹೆಸರೂ ಇರಲಿಲ್ಲ. ನಾವೂ ಸುಮ್ಮನಾದೆವು.

ಗಿಬ್ಸನ್ 1972ರಲ್ಲಿ ಹಾಲ್ ಆಫ್ ಫೇಮ್ ಸೇರಿದರು. ಪಿಟ್ಸ್‌ಬರ್ಗ್‌ನಲ್ಲಿರುವ ಅವರ ಸಮಾಧಿಗೆ ಆಗಲೂ ಹೆಸರಿನ ಕಲ್ಲು ಇರಲಿಲ್ಲ. ಅದನ್ನು ನಿಲ್ಲಿಸಿದ್ದು 1975ರಲ್ಲಿ.