ಹೊಸಬರಿಗೂ ಒಗ್ಗುವ ಟಿಪ್ಪಣಿ ಪುಸ್ತಕ

ನೆಲದ ಮೇಲಿರುವ ಭಾರವಾದ ಪೆಟ್ಟಿಗೆಯೊಂದನ್ನು ನೂಕಿ ನೋಡಿ. ಅದನ್ನು ಮೊದಲು ಕದಲಿಸಲು ಬೇಕಾಗುವಷ್ಟು ಬಲವು, ಕದಲಿದ ಮೇಲೆ ಮುಂದಕ್ಕೆ ಸಾಗಿಸಲು ಬೇಕಾಗುವುದಿಲ್ಲ. ಸ್ಥಿತ ಘರ್ಷಣೆಯು ಚಲನ ಘರ್ಷಣೆಗಿಂತ ಹೆಚ್ಚು ಎಂಬುದು ನಾವು ತರಗತಿಯಲ್ಲಿ ಹೇಳುವ ಪಾಠ. ಗಣಕಯಂತ್ರದಲ್ಲಿ ಟಿಪ್ಪಣಿ ಬರೆದಿಡುವ ತಂತ್ರಾಂಶಗಳ ನಿರ್ಮಾಪಕರು ಈ ಪಾಠವನ್ನು ಮರೆತಂತೆ ತೋರುತ್ತದೆ.

'ಆರ್ಗ್ ಮೋಡ್' ಎಂಬುದನ್ನೇ ತೆಗೆದುಕೊಳ್ಳೋಣ. ಖಗೋಳವಿಜ್ಞಾನಿ ಕಾರ್ಸ್ಟೆನ್ ಡೊಮಿನಿಕ್ ಅವರು 2003ರಲ್ಲಿ ಇದನ್ನು ರಚಿಸಿದರು. ಇದಕ್ಕೆ ಬೆಲೆಯಿಲ್ಲ. ನಕ್ಷತ್ರ ಚಿಹ್ನೆಯಿಂದ ಆರಂಭವಾದ ಸಾಲು ಶೀರ್ಷಿಕೆಯಾಗುತ್ತದೆ. ಒಂದು ಕೀಲಿ ಒತ್ತಿದರೆ ಅದರ ಕೆಳಗಿನ ಬರಹವೆಲ್ಲ ಮಡಿಚಿಕೊಳ್ಳುತ್ತದೆ. ಬರೆದುದೆಲ್ಲವೂ ಸಾದಾ ಅಕ್ಷರಗಳ ಕಡತವಾಗಿಯೇ ಉಳಿಯುವುದರಿಂದ, ಯಾವುದೋ ಸಂಸ್ಥೆ ಬಾಗಿಲು ಹಾಕಿತೆಂದು ವರ್ಷಗಟ್ಟಲೆ ಶ್ರಮಿಸಿ ಕೂಡಿಸಿದ ಟಿಪ್ಪಣಿಗಳು ನಾಶವಾಗುವ ಭಯವಿಲ್ಲ. ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಆದರೆ ಇದು ನಡೆಯುವುದು 'ಈಮ್ಯಾಕ್ಸ್' ಎಂಬ ಬರವಣಿಗೆಯ ತಂತ್ರಾಂಶದೊಳಗೆ. ಅದರ ಮೂಲ 1976ರದು. ಆಗಿನ ಪದ್ಧತಿಗಳು ಇಂದಿಗೂ ಉಳಿದಿವೆ. ಬೇರೆಡೆಗಳಲ್ಲಿ ಕಂಟ್ರೋಲ್ ಕೀಲಿಯೊಡನೆ 'ಸಿ' ಒತ್ತಿದರೆ ನಕಲಾಗುತ್ತದೆ. ಇಲ್ಲಿ ಯಂತ್ರವು ಇನ್ನೊಂದು ಕೀಲಿಗಾಗಿ ಸುಮ್ಮನೆ ಕಾಯುತ್ತದೆ. ಹೊಸಬರು ಹತ್ತು ನಿಮಿಷ ಹೆಣಗಿ, ತಮಗೆ ಬುದ್ಧಿ ಸಾಲದೆಂದು ನೊಂದು ಎದ್ದುಹೋಗುತ್ತಾರೆ. ತಪ್ಪು ಅವರದಲ್ಲ.

ಬಲ್ಲವರು ಆಕ್ಷೇಪಿಸಬಹುದು: ಕಲಿಸುವ ಪಾಠವು ತಂತ್ರಾಂಶದಲ್ಲಿಯೇ ಉಂಟು, ರೂಢಿಯ ಕೀಲಿಗಳನ್ನು ಬಳಸುವ ಏರ್ಪಾಡೂ ಉಂಟು. ನಿಜ. ಆದರೆ ಆ ಏರ್ಪಾಡನ್ನು ಹುಡುಕಿ ಜಾರಿಗೆ ತರಬೇಕಾದವರು, ಅದು ಇದೆಯೆಂದೇ ಅರಿಯದ ಹೊಸಬರು! ಪ್ರಯೋಗಶಾಲೆಯಲ್ಲಿ ವರ್ನಿಯರ್ ಕ್ಯಾಲಿಪರ್ಸ್ ಕೊಡುವಾಗ ನಾವು ದೋಷಗಣನೆಯ ಸಿದ್ಧಾಂತವನ್ನೆಲ್ಲ ಮೊದಲೇ ಒಪ್ಪಿಸುವುದಿಲ್ಲ. ಒಂದು ಸಣ್ಣ ಗೋಲವನ್ನು ಕೈಗಿತ್ತು ಅಳೆಯಹೇಳುತ್ತೇವೆ. ಹಾಗೆಯೇ ತಂತ್ರಾಂಶವು ಮೊದಲ ದಿನ ಯಾವ ಕೀಲಿಪದ್ಧತಿ ಬೇಕೆಂದು ತಾನಾಗಿ ಕೇಳಲಿ. ತಿದ್ದಿ ಬರೆಯಬಹುದಾದ ಮಾದರಿ ಟಿಪ್ಪಣಿಯೊಂದನ್ನು ಎದುರಿಗಿಡಲಿ. ಸೂಚನೆಗಳನ್ನು ಕನ್ನಡದಲ್ಲಿಯೂ ನೀಡಲಿ. ಉಳಿದ ಸಾಮರ್ಥ್ಯವನ್ನು ಕಡಿಮೆ ಮಾಡಬೇಕಾಗಿಲ್ಲ; ಅದು ಒಂದೊಂದಾಗಿ ಬೆಳಕಿಗೆ ಬಂದರೆ ಸಾಕು.

ವಿದ್ಯಾರ್ಥಿಮಿತ್ರರಲ್ಲಿ ನಮ್ಮ ಕೋರಿಕೆಯೊಂದಿದೆ. ಇಂಥ ತಂತ್ರಾಂಶವನ್ನು ಬಳಸಲು ತೊಡಗಿದ ಮೊದಲ ದಿನ ಎಲ್ಲೆಲ್ಲಿ ತೊಡಕಾಯಿತೆಂಬುದನ್ನು ಒಂದು ಹಾಳೆಯಲ್ಲಿ ಬರೆದು, ಅದನ್ನು ರಚಿಸಿದವರಿಗೆ ತಿಳಿಸಿರಿ. ಪಳಗಿದವರಿಗೆ ಆ ತೊಡಕುಗಳು ನೆನಪಿರುವುದಿಲ್ಲ. ಸ್ಥಿತ ಘರ್ಷಣೆಯನ್ನು ಅಳೆಯಬೇಕಾದರೆ ಪೆಟ್ಟಿಗೆಯು ಕದಲುವ ಮುನ್ನವೇ ಅಳೆಯಬೇಕಲ್ಲವೆ?